ಐದನೇ ನಂಬರಿನ ಜರ್ಸಿ

ಬೆಳಗಿನಿಂದ ಬಚ್ಚಲುಮನೆಯ ಕನ್ನಡಿಯೆದುರು ರುದ್ರಮುನಿ ಕೊಟ್ರಪ್ಪನನ್ನು ಆಗಲೇ ಎರಡು ಸಲ ತಂಡದಿಂದ ಕೈಬಿಟ್ಟಾಗಿತ್ತು. ಮೊದಲ ಸಲ ಕೆನ್ನೆಯ ತುಂಬ ನೊರೆ ಹಚ್ಚಿಕೊಂಡು, ಗಂಭೀರವಾಗಿ, 'ನೋಡು ಕೊಟ್ರಪ್ಪ, ಇದು ನನ್ನೊಬ್ಬನ ತೀರ್ಮಾನ ಅಲ್ಲ' ಎಂದಿದ್ದ. ಅದು ಸುಳ್ಳು, ತೀರ್ಮಾನ ಅವನೊಬ್ಬನದೇ. ಆಮೇಲೆ ಹೆಗಲ ಮೇಲೆ ಕೈಹಾಕುವವನ ಹಾಗೆ ಕನ್ನಡಿಯತ್ತ ಬಾಗಿ 'ಮಗಾ...' ಎಂದು ಶುರುಮಾಡಿದ್ದ. ಐವತ್ತು ದಾಟಿದ ತಾನು, ಕಿವಿಯ ಹತ್ತಿರ ಆಗಲೇ ನರೆತಿರುವ ಗಂಡಸೊಬ್ಬನನ್ನು ಹುಡುಗರ ಹಾಗೆ ಮಗಾ ಎನ್ನುವುದನ್ನು ಕನ್ನಡಿಯಲ್ಲಿ ಕಂಡು ಅವನಿಗೇ ನಾಚಿಕೆಯಾಯಿತು. ಮುಖ ತೊಳೆದುಕೊಂಡು, ಏನೂ ಸೇರಿಸದೆ, 'ನೀನು ಇವತ್ತು ಆಡ್ತಾ ಇಲ್ಲ' ಎಂದ. ಹೊರಗಿನಿಂದ ಹೆಂಡತಿ ಬಸವರಾಜೇಶ್ವರಿ, 'ಯಾರು, ನಾನಾ?' ಎಂದಳು.

ಅವಳು ಸಹಕಾರಿ ಬ್ಯಾಂಕೊಂದರ ಸಾಲದ ವಿಭಾಗದಲ್ಲಿದ್ದಳು. ಜನರಿಗೆ ಇಲ್ಲ ಎನ್ನುವುದೇ ಅವಳ ನಿತ್ಯದ ಕೆಲಸ, ಹಾಗೆ ಅನ್ನಿಸಿಕೊಂಡವರು ಮಗಳ ಮದುವೆಗೆ ಅವಳನ್ನು ಕರೆಯಲೂ ಬರುತ್ತಿದ್ದರು. 'ಕೂರಿಸಿ, ಒಂದು ಲೋಟ ನೀರು ಕೊಟ್ಟು, ಆಗಲ್ಲ ಅಂತೀವಿ. ಅಷ್ಟೇರೀ. ಇದುವರೆಗೆ ಯಾರೂ ಎದೆ ಹಿಡ್ಕೊಂಡು ಬಿದ್ದಿಲ್ಲ' ಎಂದಳು ಕಾಫಿ ಕೊಡುತ್ತ. 'ಕೂರ್ಸೋದು, ನೀರು ಕೊಡೋದು ನನಗೂ ಬರುತ್ತೆ ಕಣೇ' ಎಂದ ರುದ್ರಮುನಿ. 'ಹೂಂ, ಅಲ್ಲಿಗೇ ನಿಲ್ತೀರ. ಆಮೇಲೆ ಬಾಲನ್ನ ಕಾಂಪೌಂಡಾಚೆ ಒದೀತೀರ' ಎಂದಳು ಅವಳು. ಮದುವೆಯಾದಾಗಿನಿಂದ ಅವಳು ನೋಡಿದ್ದು ಮೂರೋ ನಾಲ್ಕೋ ಫುಟ್‌ಬಾಲ್ ಪಂದ್ಯ. ಅಷ್ಟರಲ್ಲೇ ಗಂಡನ ಆಟವನ್ನೂ ಗಂಡನನ್ನೂ ಒಟ್ಟಿಗೆ ಅರ್ಥಮಾಡಿಕೊಂಡುಬಿಟ್ಟಿದ್ದಳು.

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಈಗ ಮುಚ್ಚಿಹೋಗಿರುವ ಒಂದು ಕಾರ್ಖಾನೆಯ ತಂಡಕ್ಕೆ ರುದ್ರಮುನಿ ಬಹಳ ವರ್ಷ ಸ್ಟಾಪರ್ ಆಗಿ, ಎಂದರೆ ಗೋಲಿನ ಮುಂದೆ ನಟ್ಟನಡುವೆ ನಿಲ್ಲುವ ಕಾವಲುಗಾರನಾಗಿ, ಆಡಿದ್ದ. ಬಿ ಡಿವಿಷನ್ನಿನಿಂದ ಮೇಲೆ ಹೋಗಲಿಲ್ಲ, ಕೆಳಗೂ ಬೀಳಲಿಲ್ಲ. ಅವನಿಗೆ ಗೊತ್ತಿದ್ದ ವಿದ್ಯೆ ಒಂದೇ: ಚೆಂಡು ಹತ್ತಿರ ಬಂದರೆ ಯೋಚಿಸದೆ ಹೊರಗೆ ಒದೆಯುವುದು. ಒಮ್ಮೆ ರಾಜಾಜಿನಗರದಲ್ಲಿ ಅವನು ಒದ್ದ ಚೆಂಡು ಪಕ್ಕದ ಕಲ್ಯಾಣಮಂಟಪದ ಹಿಂಭಾಗದಲ್ಲಿ ಕುದಿಯುತ್ತಿದ್ದ ತಿಳಿಸಾರಿನ ಕೊಪ್ಪರಿಗೆಯೊಳಗೇ ಹೋಗಿ ಬಿದ್ದಿತ್ತು. ಗಂಡಿನ ಕಡೆಯವರು ಮೈದಾನಕ್ಕೆ ನುಗ್ಗಿದ್ದರು, ರೆಫ್ರಿ ಪಂದ್ಯ ನಿಲ್ಲಿಸಿ ಸಂಧಾನ ಮಾಡಿದ್ದ. ಹಳೆಯ ಗೆಳೆಯರು ಇವತ್ತಿಗೂ ಅವನ ಹೆಸರು ಮರೆತರೂ ಸಾರನ್ನು ಮರೆತಿಲ್ಲ. ಮಾತಿನಲ್ಲೂ ಅವನದು ಅದೇ ಆಟ. ತಂಗಿಯ ಮಗಳು ರಕ್ಷಾಳಿಗೆ ನೋಡಿದ ಹುಡುಗ ಹೇಗಿದಾನಣ್ಣ ಎಂದು ತಂಗಿ ಆತಂಕದಿಂದ ಕೇಳಿದರೆ 'ಹೈಟ್ ಚೆನ್ನಾಗಿದೆ' ಎಂದಿದ್ದ. ಆ ಹುಡುಗ ಕುಡಿದು ಬಂದಿದ್ದ, ಅದು ರುದ್ರಮುನಿಯ ಮೂಗಿಗೂ ಗೊತ್ತಾಗಿತ್ತು. ಪುಣ್ಯಕ್ಕೆ ಮೂಗು ತಂಗಿಗೂ ಇತ್ತು.

ಈಗ ಅವನು ವಿಜಯನಗರದ ಬಸವಜ್ಯೋತಿ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರು. ಸಂಕ್ರಾಂತಿ ಕಳೆದ ಈ ಭಾನುವಾರ ಋತುವಿನ ಕೊನೆಯ ಪಂದ್ಯ. ಡ್ರಾ ಆದರೂ ಸಾಕು, ಬಿ ಡಿವಿಷನ್ನಿನಲ್ಲಿ ಉಳಿಯಬಹುದು, ಸೋತರೆ ಸಿ. ತಂಡದ ಸ್ಟಾಪರ್ ಕೊಟ್ರಪ್ಪ ದೀಪಾವಳಿಯಿಂದ ನಿಧಾನವಾಗಿದ್ದ. ಇದನ್ನು ಮೊದಲು ಕಂಡವನು ರುದ್ರಮುನಿ. ಎದುರಾಳಿ ಹುಡುಗ ಪಕ್ಕದಲ್ಲಿ ಹಾದುಹೋದ ಮೇಲೆ ಕೊಟ್ರಪ್ಪನ ತಲೆ ತಿರುಗುತ್ತಿತ್ತು, ಆಮೇಲೆ ಸೊಂಟ, ಎಲ್ಲಕ್ಕಿಂತ ಕೊನೆಗೆ ಕಾಲು. ಕಂಡೂ ಸುಮ್ಮನಿದ್ದ. ಮುಂದಿನ ವಾರ ಸರಿಹೋಗಬಹುದು ಎನ್ನುತ್ತ ವಾರಗಳನ್ನು ದೂಡಿದ. ನಿನ್ನೆ ಸಂಜೆ ಮಾತ್ರ ಧೈರ್ಯ ಮಾಡಿ, ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟಿನ ಕಾಲೇಜು ಹುಡುಗ ಗಿರಿರಾಜನ ಹೆಸರನ್ನು ಐದನೇ ನಂಬರಿನ ಮುಂದೆ ಬರೆದು, ಕೊಟ್ರಪ್ಪನನ್ನು ಬದಲಿ ಆಟಗಾರರ ಸಾಲಿಗೆ ಇಳಿಸಿ, ಪಟ್ಟಿಯನ್ನು ರೆಫ್ರಿಗೆ ಕಳಿಸಿಬಿಟ್ಟಿದ್ದ. ಕ್ಲಬ್ಬಿನ ಅಧ್ಯಕ್ಷ, ಸ್ಟೀಲ್ ಪಾತ್ರೆ ಅಂಗಡಿಯ ಸೋಮಲಿಂಗಪ್ಪ, ಫೋನಿನಲ್ಲೇ ಕೈತೊಳೆದುಕೊಂಡಿದ್ದ: 'ತೆಗೆಯೋದು ಬಿಡೋದು ನಿಮಗೆ ಬಿಟ್ಟಿದ್ದು ರುದ್ರಮುನಿಯವ್ರೇ. ಆದ್ರೆ ಅವನಿಗೆ ಹೇಳೋದೂ ನೀವೇ. ನನ್ನ ಮಧ್ಯ ತರಬೇಡಿ.'

ಮುಖಕ್ಕೆ ಮುಖ ಕೊಟ್ಟು ಹೇಳಬೇಕು ಎಂದು ಸ್ಕೂಟರ್ ಹತ್ತಿ ಮೂಡಲಪಾಳ್ಯದ ಕೊಟ್ರಪ್ಪನ ಮನೆಗೆ ಹೊರಟ. ಫೋನಿನಲ್ಲಿ ಹೇಳುವುದು ಹೇಡಿತನ ಎಂದು ಚಂದ್ರಾ ಲೇಔಟಿನ ಸಿಗ್ನಲ್ಲಿನ ತನಕ ಅನ್ನಿಸುತ್ತಿತ್ತು; ಸಿಗ್ನಲ್ ದಾಟಿದ ಮೇಲೆ ಫೋನೇ ವಾಸಿಯಿತ್ತು ಅನ್ನಿಸತೊಡಗಿತು. ಕೊಟ್ರಪ್ಪ ವಾರದ ದಿನಗಳಲ್ಲಿ ಬೈಕಿನಲ್ಲಿ ಊಟ ತಲುಪಿಸುವ ಕೆಲಸ ಮಾಡುತ್ತಿದ್ದ. ಕೊಟ್ಟೂರಿನ ಕಡೆಯಿಂದ ಸೆಂಟ್ರಿಂಗ್ ಕೆಲಸಕ್ಕೆಂದು ಬಂದಿದ್ದ ಅವನು ಭಾನುವಾರ ಖಾಲಿ ಸೈಟೊಂದರಲ್ಲಿ ಬರಿಗಾಲಲ್ಲಿ ಆಡುತ್ತಿದ್ದುದನ್ನು ಕಂಡು ಕ್ಲಬ್ಬಿಗೆ ಕರೆತಂದವನು ರುದ್ರಮುನಿಯೇ. ಎಲ್ಲಿ ನಿಲ್ಲಬೇಕು, ಯಾವಾಗ ಹಾರಬೇಕು, ರೆಫ್ರಿ ನೋಡದಿದ್ದಾಗ ಮೊಣಕೈ ಎಲ್ಲಿಡಬೇಕು ಎಂಬುದನ್ನೆಲ್ಲ ಕಲಿಸಿಕೊಟ್ಟಿದ್ದ. ಹೊರಗೆ ಒದೆಯುವುದನ್ನು ಹೇಳಿಕೊಡುವ ಅಗತ್ಯ ಬೀಳಲಿಲ್ಲ, ಅದು ಅವನಿಗೆ ಹುಟ್ಟಿನಿಂದಲೇ ಬಂದಿತ್ತು. ಆದ್ದರಿಂದಲೇ ಅವನನ್ನು ಕಂಡರೆ ರುದ್ರಮುನಿಗೆ ಅಷ್ಟು ಪ್ರೀತಿ.

ಮನೆಯೊಳಗೆ ಕೊಟ್ರಪ್ಪ ಕಿಟಕಿಯ ಬೆಳಕಿಗೆ ಕೂತು ಹಳೆಯ ಬನಿಯನ್ನಿನಿಂದ ಬೂಟು ಒರೆಸುತ್ತಿದ್ದ. 'ಅಣ್ಣಾರ! ನೀವ್ಯಾಕ ಬರಾಕ ಹೋದ್ರಿ, ಫೋನ್ ಮಾಡಿದ್ರ ನಾನ ಬರ್ತಿದ್ದೆ' ಎಂದು ಎದ್ದ. ಒಳಗಿನಿಂದ ಅವನ ತಾಯಿ ಅಕ್ಕವ್ವ, ಬಂದವರ ಮುಖ ನೋಡುವ ಮೊದಲೇ ತಟ್ಟೆ ಇಟ್ಟಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ರುದ್ರಮುನಿ 'ಕೊಟ್ರಪ್ಪ, ಒಂದು ವಿಷಯ' ಎಂದು ಬಾಯಿ ತೆರೆದಾಗ ಬಿಸಿರೊಟ್ಟಿ ಬಿತ್ತು. ಅದನ್ನು ಮುಗಿಸಿ, ನೀರು ಕುಡಿದು, 'ಅದೇನಪ್ಪಾ ಅಂದ್ರೆ' ಎಂದಾಗ ಇನ್ನೊಂದು ಬಿತ್ತು. ಬೇಡ ಎಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೂ ರೊಟ್ಟಿ ಜಾರಿಸುವ ಕಲೆ ಆ ತಾಯಿಗೆ ಇತ್ತು. ತಾನು ತಂಡದಿಂದ ತೆಗೆಯಲಿರುವವನ ಮನೆಯಲ್ಲಿ ಬೆಣ್ಣೆ ಹಚ್ಚಿದ ರೊಟ್ಟಿ ಹೊಡೆಯುತ್ತಿದ್ದೇನೆ, ನಾಚಿಕೆಗೆಟ್ಟವನು, ಎಂದುಕೊಳ್ಳುತ್ತಲೇ ಚಟ್ನಿ ಇನ್ನೊಂದಿಷ್ಟು ಹಾಕಿಸಿಕೊಂಡ. ಚಟ್ನಿ ನಿಜಕ್ಕೂ ಚೆನ್ನಾಗಿತ್ತು.

ಅಕ್ಕವ್ವ ಕೈ ಒರೆಸಿಕೊಂಡು ಬಾಗಿಲ ಬಳಿ ಕೂತಳು. 'ಅಲ್ರೀ, ಇವ ಪ್ರತಿ ಐತವಾರ ಹೋಗ್ತಾನ, ಮೈಕೈ ಕೆತ್ತಿಸ್ಕೊಂಡು ಬರ್ತಾನ. ನೀವ ಹೇಳ್ರಿ, ಹೆಂಗ ಆಡ್ತಾನ ನನ್ನ ಮಗ?' ಎಂದು ಕೇಳಿದಳು. ಬೂಟಿನ ಮೇಲೆ ಆಡುತ್ತಿದ್ದ ಕೊಟ್ರಪ್ಪನ ಕೈ ನಿಂತಿತು. ಹೇಳುವುದಿದ್ದರೆ ಇದೇ ಗಳಿಗೆ. ಬಾಗಿಲು ತಾನಾಗಿಯೇ ತೆರೆದಿತ್ತು, ಒಳಗೆ ಹೋಗುವುದಷ್ಟೇ ಬಾಕಿ. ರುದ್ರಮುನಿಯ ಬಾಯಿ ತನ್ನಷ್ಟಕ್ಕೆ ತೆರೆದು, 'ನಾನು ಹೇಳೋದೇನು ಅವ್ವಾ, ನೀವೇ ಇವತ್ತು ಬಂದು ನೋಡಿ' ಎಂದುಬಿಟ್ಟಿತು. ಕೊಟ್ರಪ್ಪ ಮುಖವೆತ್ತಿದ. ಅಷ್ಟು ವರ್ಷದಲ್ಲಿ ಆ ಮುಖದಲ್ಲಿ ಅಂಥ ಬೆಳಕನ್ನು ರುದ್ರಮುನಿ ಕಂಡಿರಲಿಲ್ಲ, ಗೋಲು ಹೊಡೆದಾಗಲೂ ಕಂಡಿರಲಿಲ್ಲ, ಏಕೆಂದರೆ ಕೊಟ್ರಪ್ಪ ಗೋಲು ಹೊಡೆದವನೇ ಅಲ್ಲ. 'ಖರೇನ? ಅವ್ವಾ, ಇಲಕಲ್ ಸೀರಿ ಉಟ್ಕೋ' ಎಂದ. ರುದ್ರಮುನಿ ಕೈತೊಳೆದು ಸ್ಕೂಟರ್ ಹತ್ತಿದ.

ಬಸವೇಶ್ವರನಗರದ ಮೈದಾನದ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿದ. ಜರ್ಸಿಗಳ ಚೀಲವನ್ನು ಹೆಗಲಿಗೇರಿಸಿಕೊಂಡ. ಈ ಕ್ಲಬ್ಬುಗಳಲ್ಲಿ ಯಾರು ಆಡುತ್ತಾರೆ ಎಂದು ಯಾರೂ ಓದಿ ಹೇಳುವುದಿಲ್ಲ. ಪಂದ್ಯಕ್ಕೆ ಮೊದಲು ಎಲ್ಲರೂ ಸುತ್ತ ನಿಲ್ಲುತ್ತಾರೆ, ಮ್ಯಾನೇಜರು ಚೀಲದಿಂದ ಜರ್ಸಿ ಒಂದೊಂದಾಗಿ ತೆಗೆದು ಕೈಗೆ ಕೊಡುತ್ತಾನೆ, ತೆಗೆದುಕೊಂಡವನು ಕಣ್ಣಿಗೊತ್ತಿಕೊಂಡು ತೊಡುತ್ತಾನೆ. ಕೊಟ್ಟ ಜರ್ಸಿಯನ್ನು ವಾಪಸ್ ಕೇಳುವುದಿಲ್ಲ. ಬಹಳ ಹಿಂದೆ ಹೀಗೇ ಒಂದು ಬೆಳಿಗ್ಗೆ, ಕಾರ್ಖಾನೆಯ ತಂಡದ ಮ್ಯಾನೇಜರು ಮಹದೇವ್ ಜರ್ಸಿ ಹಂಚುತ್ತ ಹಂಚುತ್ತ ಬಂದು, ರುದ್ರಮುನಿಯ ಮುಂದೆ ನಿಲ್ಲುವಷ್ಟರಲ್ಲಿ ಚೀಲ ಖಾಲಿಯಾಗಿತ್ತು. ಮಹದೇವ್ ಆ ಖಾಲಿ ಚೀಲವನ್ನು ಮಡಿಸಿ ಅವನ ಕೈಗೆ ಕೊಟ್ಟು 'ರುದ್ರ, ಸ್ವಲ್ಪ ನೀರು ನೋಡ್ಕೋಪ್ಪ' ಎಂದಿದ್ದ. ಅವತ್ತು ರುದ್ರಮುನಿ ಮನೆಗೆ ಹೋಗುವ ಮೊದಲು ಬೀದಿಯ ನಲ್ಲಿಯ ಕೆಳಗೆ ಅಂಗಿ ಒದ್ದೆಮಾಡಿಕೊಂಡು ಹೋಗಿದ್ದ, ಆಡಿ ಬೆವರಿದ ಹಾಗೆ ಕಾಣಲಿ ಎಂದು. ತಂದೆ ಶಂಭುಲಿಂಗಪ್ಪ ಪೇಪರಿನಿಂದ ತಲೆಯೆತ್ತದೆಯೇ 'ಬೆವರಿಗೆ ಬ್ಲೀಚಿಂಗ್ ಪೌಡರ್ ವಾಸನೆ ಬರ್ತಾ ಇದೆಯಲ್ಲೋ' ಎಂದಿದ್ದರು. ತಾನೆಂದಾದರೂ ಮ್ಯಾನೇಜರಾದರೆ ಯಾರಿಗೂ ಹೀಗೆ ಮಾಡುವುದಿಲ್ಲ, ಕೂರಿಸಿಕೊಂಡು ಹೇಳುತ್ತೇನೆ ಎಂದು ಆ ರಾತ್ರಿ ಊಟ ಬಿಟ್ಟು ನಿಶ್ಚಯಿಸಿದ್ದ. ಮಾರನೆಯ ದಿನ ಹಸಿವಾಗಿ ಎರಡರಷ್ಟು ತಿಂದಿದ್ದ.

ಹುಡುಗರು ಸುತ್ತ ನಿಂತರು. ಅಕ್ಕವ್ವ ಹೊಂಗೆ ಮರದ ಕೆಳಗೆ ಸೆರಗು ಹೊದ್ದು ಕೂತಿದ್ದಳು, ಹೊಸದಾಗಿ ಕುಂಕುಮ ಇಟ್ಟುಕೊಂಡಿದ್ದಳು. ರುದ್ರಮುನಿ ಗೋಲ್‌ಕೀಪರಿಗೆ ಕೊಟ್ಟ, ಎರಡನೆಯದು ಕೊಟ್ಟ, ಮೂರು, ನಾಲ್ಕು. ಐದನೇ ನಂಬರು ಕೈಗೆ ಬಂತು. ಗಿರಿರಾಜ ಎಡಗಡೆ ನಿಂತಿದ್ದ, ಕಿವಿಯಿಂದ ಇಯರ್‌ಫೋನ್ ಕೀಳುತ್ತಿದ್ದ. ಕೊಟ್ರಪ್ಪ ಬಲಗಡೆ. ಕೈ ಎಷ್ಟೋ ವರ್ಷದ ರೂಢಿಯಂತೆ ಬಲಕ್ಕೆ ಹೋಯಿತು. ತಡೆಯಬಹುದಿತ್ತು, ತಡೆಯಲಿಲ್ಲ. ಕೊಟ್ರಪ್ಪ ಜರ್ಸಿಯನ್ನು ಕಣ್ಣಿಗೊತ್ತಿಕೊಂಡು, ತಲೆ ಹೊರಗೆ ಬಂದ ಕೂಡಲೇ ಮರದ ಕಡೆ ತಿರುಗಿ, ತಾಯಿಗೆ ಕಾಣಲಿ ಎಂದು ಬೆನ್ನು ತೋರಿಸಿದ. ಉಳಿದವನ್ನು ಹಂಚಿ ಮುಗಿಸಿದಾಗ ಗಿರಿರಾಜ ಮೆಲ್ಲಗೆ 'ಸಾರ್, ನಂದು?' ಎಂದ. ನಿನ್ನೆ ರಾತ್ರಿ ಅವನಿಗೆ ಫೋನ್ ಮಾಡಿ ನೀನೇ ಆಡೋದು ಎಂದು ಹೇಳಿದ್ದನಲ್ಲ. ಒಳ್ಳೆಯ ಸುದ್ದಿ ಹೇಳಲು ರುದ್ರಮುನಿಗೆ ಯಾವತ್ತೂ ಕಷ್ಟವಾದದ್ದಿಲ್ಲ.

ಅಷ್ಟರಲ್ಲಿ ರೆಫ್ರಿ ಬಸಪ್ಪ ಪಟ್ಟಿ ಹಿಡಿದುಕೊಂಡು ಬಂದ. 'ಏನ್ ಸಾರ್ ಇದು, ಐದು ನಂಬರ್ ಗಿರಿರಾಜ್ ಅಂತ ಕೊಟ್ಟಿದೀರ. ಇವ್ರು ಹಾಕ್ಕೊಂಡಿದಾರೆ?' ಎಂದ. ತಂಡದ ಹುಡುಗರು ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದರು, ಕಟ್ಟಿದ್ದವರೂ ಬಿಚ್ಚಿ ಮತ್ತೆ ಕಟ್ಟಿದರು. ಇವರಿಗೆಲ್ಲ ಗೊತ್ತಿದೆ ಎಂದು ರುದ್ರಮುನಿಗೆ ಆಗ ಹೊಳೆಯಿತು. ಗೊತ್ತಿಲ್ಲದವನು ಒಬ್ಬನೇ, ಅವನು ಜರ್ಸಿಯೊಳಗಿದ್ದ. 'ಚೇಂಜ್ ಮಾಡೋದಾದ್ರೆ ಈಗ್ಲೇ ಹೇಳಿ, ತಿದ್ಕೋತೀನಿ. ವಿಸಲ್ ಆದ್ಮೇಲೆ ಆಗಲ್ಲ' ಎಂದ ಬಸಪ್ಪ ಪೆನ್ನು ತೆಗೆದು. ಅಷ್ಟೇ ಸುಲಭ. ಒಂದು ಗೀಟು ಎಳೆದರೆ ಸಾಕು, ಎಲ್ಲರೂ ಉಳಿಯುತ್ತಾರೆ: ಕೊಟ್ರಪ್ಪ, ಮರದ ಕೆಳಗಿನ ತಾಯಿ, ಮುಂಜಾನೆಯ ಊಟ. ಕ್ಲಬ್ಬು ಉಳಿಯುವುದಿಲ್ಲ. ಎದುರಾಳಿ ತಂಡದ ಎಡಬದಿಯಲ್ಲಿ ಸಣಕಲು ಹುಡುಗನೊಬ್ಬ ಬೆಚ್ಚಗಾಗಲು ಓಡುತ್ತಿದ್ದ. ಸುಮ್ಮನೆ ಓಡುವಾಗಲೇ ಅವನು ಕೊಟ್ರಪ್ಪನನ್ನು ದಾಟಿದ ಹಾಗೆ ಕಾಣುತ್ತಿತ್ತು. ರುದ್ರಮುನಿ ಬಸಪ್ಪನ ಪೆನ್ನನ್ನೇ ನೋಡುತ್ತ, 'ಪಟ್ಟೀಲಿರೋದೇ ಸರಿ' ಎಂದ.

ಕೊಟ್ರಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಜರ್ಸಿಯನ್ನು ತಲೆಯ ಮೇಲಿಂದ ಎಳೆದು, ಒಳಮಗ್ಗುಲು ಹೊರಗಾದದ್ದನ್ನು ಮತ್ತೆ ಸರಿಮಾಡಿ, ಗಿರಿರಾಜನ ಕೈಗೆ ಕೊಟ್ಟ. 'ಹಾಕ್ಕೋ ತಮ್ಮಾ' ಎಂದ. ಗಿರಿರಾಜ ಅದನ್ನು ಕಣ್ಣಿಗೊತ್ತಿಕೊಳ್ಳಲೋ ಬೇಡವೋ ತಿಳಿಯದೆ ಎದೆಗೆ ಹಿಡಿದುಕೊಂಡ. ಅಲ್ಲಿ ನಿಂತ ಹತ್ತಿಪ್ಪತ್ತು ಮಂದಿಯಲ್ಲಿ ಕೊಟ್ರಪ್ಪನ ಬರಿಮೈಯನ್ನು ನೋಡದಿರಲು ರುದ್ರಮುನಿ ಪಟ್ಟ ಪಾಡು ಯಾರೂ ಪಡಲಿಲ್ಲ. ಗೋಲ್‌ಪೋಸ್ಟಿನ ಬಲೆಯಲ್ಲಿ ತೂತು ಇದೆಯೇ ಎಂದು ಪರೀಕ್ಷಿಸಲು ಅಲ್ಲಿಯತನಕ ನಡೆದುಕೊಂಡು ಹೋದ. ತೂತು ಇತ್ತು, ಯಾವಾಗಲೂ ಇತ್ತು.

ಪಂದ್ಯ ಶುರುವಾಯಿತು. ಕ್ಲಬ್ಬಿನವರು ಟೆಂಟ್ ಹೌಸಿನಿಂದ ತಂದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಖಾಲಿಯಿದ್ದದ್ದು ಮ್ಯಾನೇಜರ ಪಕ್ಕದ್ದು ಒಂದೇ, ಕೊಟ್ರಪ್ಪ ಬದಲಿ ಆಟಗಾರನ ಅಂಗಿ ತೊಟ್ಟು ಅದರಲ್ಲೇ ಬಂದು ಕೂತ. ಇಬ್ಬರ ಮೊಣಕೈಗಳೂ ತಾಗುತ್ತಿದ್ದವು, ಇಬ್ಬರೂ ತೆಗೆಯಲಿಲ್ಲ. ಈಗ ಹೇಳಬೇಕು, ಈಗಲಾದರೂ, ಎಂದು ರುದ್ರಮುನಿ ಪ್ರತಿ ಥ್ರೋ-ಇನ್ನಿಗೆ ಅಂದುಕೊಂಡ. ಆದರೆ ಎದುರಿಗೆ ಗಿರಿರಾಜ ಆಡುತ್ತಿದ್ದ. ಸಣಕಲು ಹುಡುಗ ಬಿರುಸಿನಿಂದ ಬಂದರೆ ಅವನ ಕಾಲಿನಿಂದ ಚೆಂಡನ್ನು ಸಲೀಸಾಗಿ ಕಸಿದುಕೊಂಡು, ಹೊರಗೆ ಒದೆಯದೆ, ತಲೆಯೆತ್ತಿ ಸುತ್ತ ನೋಡಿ, ಬೇಕಾದವನಿಗೆ ಕೊಡುತ್ತಿದ್ದ. ತಲೆಯೆತ್ತಿ ನೋಡುತ್ತಾನೆ! ಚೆಂಡು ಕಾಲಲ್ಲಿದ್ದಾಗ ರುದ್ರಮುನಿ ಜೀವಮಾನದಲ್ಲಿ ತಲೆಯೆತ್ತಿದವನಲ್ಲ. ಆ ಚಂದಕ್ಕೆ ಅವನಿಗೆ ಸಂತೋಷವಾಯಿತು, ಒಳಗೊಳಗೇ ಸಿಟ್ಟೂ ಬಂತು. ಪಕ್ಕದಲ್ಲಿ ಕೊಟ್ರಪ್ಪ ತನ್ನನ್ನು ಮರೆತು 'ಒದಿಯೋ, ಹೊರಗ ಒದಿಯೋ!' ಎಂದು ಕೂಗುತ್ತಿದ್ದ. ಗಿರಿರಾಜ ಒದೆಯಲಿಲ್ಲ. ಏನೂ ಕೆಡಲೂ ಇಲ್ಲ. ಎರಡು ಕಡೆಯೂ ಗೋಲಿಲ್ಲದೆ ಪಂದ್ಯ ಮುಗಿಯಿತು, ಬಸವಜ್ಯೋತಿ ಉಳಿಯಿತು, ಹುಡುಗರು ಗಿರಿರಾಜನನ್ನು ಹೆಗಲ ಮೇಲೆ ಹೊತ್ತರು. ಸೋಮಲಿಂಗಪ್ಪ ಎಲ್ಲಿಂದಲೋ ಮೈಸೂರುಪಾಕಿನ ಡಬ್ಬಿ ಹಿಡಿದು ಪ್ರತ್ಯಕ್ಷನಾಗಿ, 'ನಾನು ಹೇಳ್ಲಿಲ್ವಾ, ಸರಿಯಾದ ಡಿಸಿಷನ್ನು' ಎಂದು ರುದ್ರಮುನಿಯ ಬಾಯಿಗೇ ಒಂದು ತುಂಡು ತುರುಕಿದ.

ಅದನ್ನು ನುಂಗುವ ಮೊದಲೇ ಅಕ್ಕವ್ವ ಎದುರಿಗೆ ಬಂದು ನಿಂತಿದ್ದಳು. ಕೊಟ್ರಪ್ಪ ಅವಳ ಹಿಂದೆ ಬೂಟಿನ ಚೀಲ ಹಿಡಿದು ನಿಂತಿದ್ದ. 'ಭಾಳ ಚಲೋ ಮಾಡಿದ್ರಿ ನೋಡ್ರಿ' ಎಂದಳು ಅಕ್ಕವ್ವ, ಕೈಮುಗಿಯುತ್ತ. 'ಆ ಹುಡುಗ್ರು ಬಿಸಲಾಗ ಕುನ್ನಿ ಓಡಿದಂಗ ಓಡಾಕ ಹತ್ತಿದ್ವು. ನನ್ನ ಮಗನ್ನ ಓಡೂದ ಬಿಡಿಸಿ ನಿಮ್ಮ ಬಾಜೂಕ ಕುರ್ಚಿ ಕೊಟ್ರಿ. ಕುಂತಲ್ಲಿಂದನ ಹೇಳ್ತಿದ್ದ, ಹಿಂಗ ಮಾಡು, ಹಂಗ ಮಾಡು ಅಂತ. ಇದು ದೊಡ್ಡ ಹುದ್ದೆ ಅಲ್ಲೇನ್ರಿ?'

ಇಷ್ಟು ಒಳ್ಳೆಯ ಅವಕಾಶ ಯಾರ ಪುಣ್ಯದಿಂದ ಬಂತೋ. ಹೌದು ಅವ್ವಾ ಎಂದರೆ ಮುಗಿಯಿತು. ಕೊಟ್ರಪ್ಪ ತನ್ನನ್ನೇ ನೋಡುತ್ತಿರುವುದು ರುದ್ರಮುನಿಗೆ ಗೊತ್ತಾಯಿತು. ಹೌದು ಎಂದರೆ ಇವನು ಸುಮ್ಮನಿರುತ್ತಾನೆ, ತಾಯಿ ಊರಿಗೆ ಫೋನ್ ಮಾಡಿ ಸಂಭ್ರಮಿಸುತ್ತಾಳೆ, ಮುಂದಿನ ಋತುವಿನಲ್ಲಿ ಜರ್ಸಿ ಸಿಗದಿದ್ದರೆ ಅದೂ ಹುದ್ದೆಯ ಲೆಕ್ಕಕ್ಕೇ ಹೋಗುತ್ತದೆ. ಬಾಯಲ್ಲಿದ್ದ ಮೈಸೂರುಪಾಕನ್ನು ನುಂಗಿ ರುದ್ರಮುನಿ, 'ಇಲ್ಲ ಅವ್ವಾ' ಎಂದ. ಧ್ವನಿ ಅವನದೇ ಅನ್ನಿಸಲಿಲ್ಲ. 'ಹುದ್ದೆ ಅಲ್ಲ ಅದು. ನಾನು ನಿಮ್ಮ ಮಗನ್ನ ಟೀಮಿಂದ ತೆಗೆದೆ. ಬೆಳಗ್ಗೆ ಅದನ್ನ ಹೇಳೋಕೇ ಬಂದಿದ್ದೆ, ಹೇಳೋಕಾಗ್ಲಿಲ್ಲ.'

ಅಕ್ಕವ್ವ ಮುಗಿದ ಕೈಯನ್ನು ಇಳಿಸಲೂ ಮರೆತು ಮಗನ ಕಡೆ ತಿರುಗಿದಳು. ಅವನು ಚೀಲವನ್ನು ನೆಲಕ್ಕಿಟ್ಟ. 'ಅಣ್ಣಾರ, ಆ ರೆಫ್ರಿಗೆ ಹೇಳಿದ್ರಿ, ಅವ್ವಗ ಹೇಳಿದ್ರಿ' ಎಂದ. 'ನನಗ ಹೇಳ್ರಿ. ನನ್ನ ಕಡೆ ನೋಡಿ ಹೇಳ್ರಿ.'

ರುದ್ರಮುನಿ ನೋಡಿದ. ಹತ್ತಿರದಿಂದ ನೋಡಿದರೆ ಕೊಟ್ರಪ್ಪನ ಹುಬ್ಬಿನ ಮೇಲೆ ಹಳೆಯ ಹೊಲಿಗೆಯ ಗುರುತಿತ್ತು, ಕಣ್ಣು ಕೆಂಪಾಗಿತ್ತು. 'ನಿನ್ನ ಕಾಲು ನಿಧಾನ ಆಗಿದೆ ಕಣೋ. ಇನ್ನು ನಿನ್ನ ಆಡಿಸಕ್ಕಾಗಲ್ಲ. ಇವತ್ತೂ ಅಲ್ಲ, ಮುಂದಕ್ಕೂ ಅಲ್ಲ' ಎಂದ. ಎಷ್ಟು ಚಿಕ್ಕ ಮಾತು ಎಂದು ಅವನಿಗೇ ಆಶ್ಚರ್ಯವಾಯಿತು. ಕೊಟ್ರಪ್ಪ ತಲೆಯಾಡಿಸಿದ. 'ಆತ್ರಿ' ಎಂದ. ಬಿದ್ದ ಪೆಟ್ಟನ್ನು ತಾಳಿಕೊಂಡವನ ಹಾಗೆ ಉಸಿರು ಬಿಟ್ಟ, ಮುಖದಲ್ಲಿ ಒಂದಿಷ್ಟು ಸಮಾಧಾನವೂ ಕಂಡಿತು. ರುದ್ರಮುನಿಗೆ ಮೈ ಹಗುರಾಯಿತು. ಬಂತಲ್ಲ ನನಗೂ, ಹೇಳೋಕೆ ಬಂತಲ್ಲ, ಎಂದು ಮಗುವಿನಂಥ ಹೆಮ್ಮೆಯಾಯಿತು. ಮನೆಗೆ ಹೋಗಿ ಬಸವರಾಜೇಶ್ವರಿಗೆ ಹೇಳಬೇಕು ಎಂದು ಆಗಲೇ ಮಾತು ಜೋಡಿಸತೊಡಗಿದ್ದ.

'ಯಾವಾಗಿಂದ ಗೊತ್ತಿತ್ರಿ ನಿಮಗ?' ಎಂದು ಕೊಟ್ರಪ್ಪ ಕೇಳಿದ.

'ದೀಪಾವಳಿಯಿಂದ.'

'ದೀಪಾವಳಿಯಿಂದ?' ಕೊಟ್ರಪ್ಪ ಮನಸ್ಸಿನಲ್ಲೇ ಒಂದೊಂದು ಭಾನುವಾರವನ್ನೂ ಹಿಂದಕ್ಕೆ ಹೋಗಿ ಮುಟ್ಟಿ ಬರುವವನ ಹಾಗೆ ನಿಂತ. 'ಹಂಗಾರ ಆಮ್ಯಾಲೆ ನಾ ಆಡಿದ್ದೆಲ್ಲಾ... ಪಾಪ ಅಂತ ಆಡಿಸಿದ್ರೇನು?'

ಹೇಳುವ ಧೈರ್ಯ ಆಗಷ್ಟೇ ಬಂದಿತ್ತು, ಇನ್ನೂ ಬಿಸಿಯಾಗಿತ್ತು. ರುದ್ರಮುನಿ ಅವನ ಕಣ್ಣು ನೋಡಿಕೊಂಡೇ, 'ಹೂಂ ಕಣೋ' ಎಂದ.

ಕೊಟ್ರಪ್ಪನ ಮುಖ ನೋಡನೋಡುತ್ತಿದ್ದ ಹಾಗೆ ಬತ್ತಿಹೋಯಿತು. ಅವನು ಬಗ್ಗಿ ಚೀಲ ಎತ್ತಿಕೊಂಡ, ತಾಯಿಯ ಭುಜ ಹಿಡಿದು ಗೇಟಿನ ಕಡೆ ತಿರುಗಿಸಿದ. 'ಇದೊಂದನ್ನ ಹೇಳಬಾರದಿತ್ರಿ ಸಾರ್' ಎಂದ.